ಮನಸ್ಸು ಬರೀ ಲೆಕ್ಕಾಚಾರವೇ? ಅಲನ್ ಟ್ಯೂರಿಂಗ್ ಬದುಕು ಮತ್ತು ಮೂರು ಫಾರ್ವರ್ಡ್‌ಗಳು

ಎಐ ಬಗ್ಗೆ ಮೊಬೈಲಿಗೆ ಬರುವ ಫಾರ್ವರ್ಡ್‌ಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ: ಅಲನ್ ಟ್ಯೂರಿಂಗ್. ಆ ಹೆಸರು ಹೊತ್ತು ಓಡಾಡುವ ಮಾತುಗಳು ಮುಖ್ಯವಾಗಿ ಮೂರು ಬಗೆಯವು.

ಒಂದು: ಮನಸ್ಸು ಕಂಪ್ಯೂಟರ್ ಎಂದು ಟ್ಯೂರಿಂಗ್ ಸಾಬೀತು ಮಾಡಿಬಿಟ್ಟಿದ್ದಾರೆ, ಹಾಗಾಗಿ ಆತ್ಮ ಎಂಬುದಿಲ್ಲ.

ಎರಡು: ಮನಸ್ಸು ಸಾಫ್ಟ್‌ವೇರ್, ದೇಹ ಹಾರ್ಡ್‌ವೇರ್, ಹಾಗಾಗಿ ಆತ್ಮ ದೇಹದಿಂದ ದೇಹಕ್ಕೆ ಹೋಗುತ್ತದೆಂದು ವಿಜ್ಞಾನವೇ ಒಪ್ಪಿದೆ.

ಮೂರು: ಇಂದಿನ ಚಾಟ್‌ಬಾಟ್‌ಗಳು ಟ್ಯೂರಿಂಗ್ ಪರೀಕ್ಷೆ ಪಾಸಾಗಿವೆ, ಹಾಗಾಗಿ ಅವಕ್ಕೆ ಪ್ರಜ್ಞೆ ಬಂದಿದೆ.

ಮೊದಲ ಎರಡು ಮಾತುಗಳು ಒಂದಕ್ಕೊಂದು ತದ್ವಿರುದ್ಧ. ಎರಡೂ ಒಬ್ಬರದೇ ಹೆಸರು ಹೇಳುತ್ತವೆ ಎಂದ ಮೇಲೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಅದು ಎಲ್ಲಿ ಎಂದು ತಿಳಿಯಲು ನಾವು ಟ್ಯೂರಿಂಗ್ ಅವರ ಬದುಕನ್ನೇ ನೋಡೋಣ. ಏಕೆಂದರೆ ಮನಸ್ಸು ಮತ್ತು ಜಡವಸ್ತುವಿನ ಸಂಬಂಧ ಅವರಿಗೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. ಅದು ಒಂದು ಸಾವಿನಿಂದ ಹುಟ್ಟಿದ ಪ್ರಶ್ನೆ.

ಮದ್ರಾಸ್ ಪ್ರಾಂತ್ಯದ ನಂಟು

ಅಲನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಮನೆತನದ ನಂಟು ನಮ್ಮ ದಕ್ಷಿಣ ಭಾರತಕ್ಕೂ ಇದೆ. ತಂದೆ ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್ ಆಗಿದ್ದವರು. ತಂದೆಯ ಕೆಲಸ ಭಾರತದಲ್ಲಿ, ಮಕ್ಕಳ ಓದು ಇಂಗ್ಲೆಂಡಿನಲ್ಲಿ. ಹಾಗಾಗಿ ಅಲನ್ ಮತ್ತು ಅಣ್ಣ ಜಾನ್ ಬಾಲ್ಯದ ಬಹುಪಾಲು ಬೇರೆಯವರ ಮನೆಯಲ್ಲಿ, ಆಮೇಲೆ ಹಾಸ್ಟೆಲಿನಲ್ಲಿ ಕಳೆದರು.

1926ರಲ್ಲಿ ಅಲನ್ ಶೆರ್ಬೋರ್ನ್ ಶಾಲೆಗೆ ಸೇರಬೇಕಾಗಿದ್ದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ. ರೈಲು ಇಲ್ಲ. ಹದಿಮೂರರ ಹುಡುಗ ಸೌತಾಂಪ್ಟನ್‌ನಿಂದ ಸುಮಾರು 100 ಕಿ.ಮೀ. ಸೈಕಲ್ ತುಳಿದು ಶಾಲೆ ಸೇರಿದ.

ಗೆಳೆಯನ ಸಾವು

ಆ ಶಾಲೆಯಲ್ಲಿ ಅಲನ್‌ಗೆ ಸಿಕ್ಕ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಒಂದು ವರ್ಷ ಹಿರಿಯ. ಗಣಿತ, ನಕ್ಷತ್ರ, ರಸಾಯನಶಾಸ್ತ್ರ ಎಲ್ಲದರಲ್ಲೂ ಇಬ್ಬರಿಗೂ ಒಂದೇ ಹುಚ್ಚು. ಅಲನ್‌ಗೆ ಅವನ ಮೇಲೆ ಇದ್ದದ್ದು ಬರೀ ಸ್ನೇಹವಲ್ಲ, ಪ್ರೀತಿ.

1930ರ ಫೆಬ್ರವರಿ 13ರಂದು ಕ್ರಿಸ್ಟೋಫರ್ ತೀರಿಕೊಂಡ. ಕಾರಣ ಗೋವಿನ ಕ್ಷಯರೋಗ. ಚಿಕ್ಕವನಿದ್ದಾಗ ಕುಡಿದ ಸೋಂಕಿತ ಹಾಲಿನಿಂದ ಅದು ಬಂದಿತ್ತು. ಹಸಿ ಹಾಲೇ ಆರೋಗ್ಯಕ್ಕೆ ಒಳ್ಳೆಯದು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಾಲನ್ನು ಕಾಯಿಸಿ ಕುಡಿಯುವುದು ಯಾಕೆ ಎಂಬುದಕ್ಕೆ ಈ ಹುಡುಗನ ಸಾವೂ ಒಂದು ಉತ್ತರ.

ಅಲನ್‌ಗೆ ಆಗ ಹದಿನೇಳು. ಅವರು ಕ್ರಿಸ್ಟೋಫರ್ ತಾಯಿಗೆ ಪತ್ರ ಬರೆಯತೊಡಗಿದರು, ಆ ಮನೆಗೆ ಹೋಗಿ ಉಳಿದುಕೊಳ್ಳುತ್ತಿದ್ದರು. 1932ರ ಸುಮಾರಿಗೆ ಆ ತಾಯಿಗಾಗಿ ಆತ್ಮದ ಸ್ವರೂಪದ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದುಕೊಟ್ಟರು. ಅದರ ಸಾರಾಂಶ ಹೀಗಿದೆ. ಜಗತ್ತಿನ ಈ ಕ್ಷಣದ ಸ್ಥಿತಿ ಪೂರ್ತಿ ಗೊತ್ತಿದ್ದರೆ ಮುಂದಿನದ್ದೆಲ್ಲ ಹೇಳಬಹುದು ಎಂದು ಹಳೆಯ ವಿಜ್ಞಾನ ನಂಬಿತ್ತು. ಹೊಸ ಭೌತಶಾಸ್ತ್ರದ ಪ್ರಕಾರ ಪರಮಾಣುಗಳ ಮಟ್ಟದಲ್ಲಿ ಅದು ಸಾಧ್ಯವಿಲ್ಲ. ಹಾಗಾದರೆ ಮಿದುಳಿನ ಯಾವುದೋ ಭಾಗದಲ್ಲಿ ನಮ್ಮ ಇಚ್ಛೆ ಪರಮಾಣುಗಳನ್ನು ನಡೆಸುತ್ತಿರಬಹುದು. ದೇಹವು ಆತ್ಮವನ್ನು ಹಿಡಿದಿಟ್ಟುಕೊಳ್ಳುವ ಒಂದು ವ್ಯವಸ್ಥೆ. ದೇಹ ಸತ್ತಾಗ ಆ ಹಿಡಿತ ತಪ್ಪುತ್ತದೆ, ಆತ್ಮ ಇಂದೋ ನಾಳೆಯೋ ಇನ್ನೊಂದು ದೇಹ ಕಂಡುಕೊಳ್ಳುತ್ತದೆ.

ನಮ್ಮ ಓದುಗರಿಗೆ ಈ ಯೋಚನೆ ಹೊಸದೇನಲ್ಲ. ಆದರೆ ಇದು ಟ್ಯೂರಿಂಗ್ ಅವರ ಸಂಶೋಧನೆ ಅಲ್ಲ ಎಂಬುದನ್ನು ಗಮನಿಸಿ. ಇದು ಗೆಳೆಯನನ್ನು ಕಳೆದುಕೊಂಡ ಇಪ್ಪತ್ತರ ಯುವಕ, ಮಗನನ್ನು ಕಳೆದುಕೊಂಡ ತಾಯಿಗೆ ಬರೆದುಕೊಟ್ಟ ಸಮಾಧಾನ. ಎರಡನೆಯ ಫಾರ್ವರ್ಡ್‌ಗೆ ಟ್ಯೂರಿಂಗ್ ಬರಹದಲ್ಲಿ ಏನಾದರೂ ಆಧಾರ ಇದ್ದರೆ ಅದು ಇಷ್ಟೇ. ಇದರಲ್ಲಿ ಸಾಫ್ಟ್‌ವೇರ್ ಇಲ್ಲ, ಕಂಪ್ಯೂಟರೂ ಇಲ್ಲ. ಕಂಪ್ಯೂಟರ್ ಎಂಬ ಕಲ್ಪನೆ ಅವರಿಗೆ ಹೊಳೆದದ್ದು ಆಮೇಲೆ.

1936: ಕಾಗದದ ಮೇಲಿನ ಯಂತ್ರ

1931ರಲ್ಲಿ ಟ್ಯೂರಿಂಗ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದರು. 1935ರಲ್ಲಿ ಅಲ್ಲೇ ಫೆಲೋ ಆದರು. 1936ರಲ್ಲಿ ಜಗತ್ತನ್ನೇ ಬದಲಿಸಿದ ಪ್ರಬಂಧ ಬರೆದರು.

ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಮನುಷ್ಯ. ಪೆನ್ಸಿಲ್ ಹಿಡಿದು ನಿಯಮದ ಪ್ರಕಾರ ಲೆಕ್ಕ ಮಾಡುವ ಗುಮಾಸ್ತರಿಗೆ ಆ ಹೆಸರು. ಟ್ಯೂರಿಂಗ್ ಕೇಳಿಕೊಂಡದ್ದು ಸರಳ ಪ್ರಶ್ನೆ: ಇಂಥ ಗುಮಾಸ್ತ ನಿಜವಾಗಿ ಏನು ಮಾಡುತ್ತಾನೆ? ಒಂದು ಚಿಹ್ನೆ ನೋಡುತ್ತಾನೆ, ತಾನು ಯಾವ ಹಂತದಲ್ಲಿದ್ದೇನೆ ಎಂದು ನೆನಪಿಟ್ಟುಕೊಳ್ಳುತ್ತಾನೆ, ಚಿಹ್ನೆ ಅಳಿಸುತ್ತಾನೆ ಅಥವಾ ಬರೆಯುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ. ಇಷ್ಟನ್ನೇ ಮಾಡುವ ಯಂತ್ರವನ್ನು ಟ್ಯೂರಿಂಗ್ ಕಲ್ಪಿಸಿಕೊಂಡರು: ಚೌಕಗಳಿರುವ ಉದ್ದನೆಯ ಪಟ್ಟಿ, ಅದನ್ನು ಓದುವ ಒಂದು ತಲೆ, ಕೆಲವು ನಿಯಮಗಳು. ಸರಿಯಾದ ನಿಯಮಪಟ್ಟಿ ಕೊಟ್ಟರೆ ಬೇರೆ ಯಾವ ಯಂತ್ರದ ಕೆಲಸವನ್ನಾದರೂ ಮಾಡಬಲ್ಲ ಒಂದೇ ಯಂತ್ರ ಸಾಧ್ಯ ಎಂದೂ ತೋರಿಸಿದರು. ನಿಮ್ಮ ಕೈಯಲ್ಲಿರುವ ಮೊಬೈಲ್ ಆ ಮಾತಿನ ವಂಶಸ್ಥ. ಅದೇ ಪ್ರಬಂಧದಲ್ಲಿ ಇಂಥ ಯಾವ ಯಂತ್ರಕ್ಕೂ ಬಿಡಿಸಲಾಗದ ಲೆಕ್ಕಗಳಿವೆ ಎಂದೂ ಸಾಧಿಸಿದರು. ಇದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ.

ಈ ಯಂತ್ರ ಯಾವುದರಿಂದ ಮಾಡಿದ್ದು ಎಂಬುದು ಮುಖ್ಯವೇ ಅಲ್ಲ. ಅಳಗುಳಿ ಮಣೆ ನೆನಪಿಸಿಕೊಳ್ಳಿ. ಮರದ ಮಣೆ ಇರಲಿ, ನೆಲದಲ್ಲಿ ತೋಡಿದ ಗುಳಿ ಇರಲಿ. ಹುಣಸೆ ಬೀಜ ಇರಲಿ, ಕವಡೆ ಇರಲಿ, ಆಟ ಅದೇ. ಆಟ ಇರುವುದು ನಿಯಮದಲ್ಲಿ, ಬೀಜದಲ್ಲಿ ಅಲ್ಲ. ಲೆಕ್ಕಾಚಾರವೂ ಹಾಗೆಯೇ. ಮನಸ್ಸು ಲೆಕ್ಕಾಚಾರವಾಗಿದ್ದರೆ ಅದೂ ಹಾಗೆಯೇ ಇರಬೇಕಲ್ಲವೇ? ನಮ್ಮ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಯುದ್ಧದ ಕಾಲ

1938ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾಕ್ಟರೇಟ್ ಪಡೆದ ಟ್ಯೂರಿಂಗ್, 1939ರ ಸೆಪ್ಟೆಂಬರ್ 4ರಂದು, ಅಂದರೆ ಬ್ರಿಟನ್ ಯುದ್ಧ ಸಾರಿದ ಮರುದಿನವೇ, ಬ್ಲೆಚ್‌ಲಿ ಪಾರ್ಕ್ ಎಂಬ ಗುಟ್ಟಿನ ಕೇಂದ್ರಕ್ಕೆ ಹೋದರು. ಜರ್ಮನರ ಎನಿಗ್ಮಾ ಸಂಕೇತಗಳನ್ನು ಒಡೆಯುವ ಬಾಂಬ್ ಎಂಬ ಯಂತ್ರ ರೂಪಿಸಿದರು. ಅವರೊಬ್ಬರೇ ಎನಿಗ್ಮಾ ಒಡೆದರು ಎಂಬ ಮಾತು ಸರಿಯಲ್ಲ. ಯುದ್ಧಕ್ಕೆ ಮೊದಲೇ ಪೋಲೆಂಡಿನ ಗಣಿತಜ್ಞರು ದಾರಿ ಮಾಡಿಕೊಟ್ಟಿದ್ದರು, ಗಾರ್ಡನ್ ವೆಲ್ಚ್‌ಮನ್ ಆ ಯಂತ್ರವನ್ನು ಬಹಳ ಸುಧಾರಿಸಿದರು. ಅಲ್ಲಿನ ಕೊಲೊಸಸ್ ಕಂಪ್ಯೂಟರನ್ನು ಕಟ್ಟಿದ್ದೂ ಟ್ಯೂರಿಂಗ್ ಅಲ್ಲ, ಟಾಮಿ ಫ್ಲವರ್ಸ್ ಎಂಬ ಎಂಜಿನಿಯರ್. ಜರ್ಮನ್ ನೌಕಾಪಡೆಯ ಸಂಕೇತಗಳನ್ನು ಒಡೆದ ತಂಡವನ್ನು ಮುನ್ನಡೆಸಿದ್ದು ಮಾತ್ರ ಟ್ಯೂರಿಂಗ್ ಅವರೇ.

ಯುದ್ಧ ಮುಗಿದ ಮೇಲೆ 1945ರಲ್ಲಿ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಸೇರಿ ನಿಜವಾದ ಕಂಪ್ಯೂಟರ್ ಒಂದರ ನಕ್ಷೆ ತಯಾರಿಸಿದರು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. ಕಾಗದದ ಮೇಲಿದ್ದ ಯಂತ್ರ ಈಗ ಕಣ್ಣೆದುರು ಓಡುತ್ತಿತ್ತು. ಅದು ಯೋಚಿಸಬಲ್ಲದೇ ಎಂಬ ಪ್ರಶ್ನೆ ಪತ್ರಿಕೆಗಳಲ್ಲೂ ಎದ್ದಿತು.

1950: ಆ ಪರೀಕ್ಷೆ ನಿಜವಾಗಿ ಏನು?

1949ರಲ್ಲಿ ಜೆಫ್ರಿ ಜೆಫರ್ಸನ್ ಎಂಬ ಹೆಸರಾಂತ ನರಶಸ್ತ್ರತಜ್ಞರು ಒಂದು ಉಪನ್ಯಾಸದಲ್ಲಿ ಆಕ್ಷೇಪ ಎತ್ತಿದರು. ಯಂತ್ರ ಕವಿತೆ ಬರೆದರೆ ಸಾಲದು, ಭಾವನೆಯಿಂದ ಬರೆದಿರಬೇಕು, ತಾನು ಬರೆದೆ ಎಂದು ಅದಕ್ಕೆ ಗೊತ್ತಿರಬೇಕು. ಅಲ್ಲಿಯವರೆಗೆ ಅದು ಮಿದುಳಿಗೆ ಸಮವಲ್ಲ ಎಂಬುದು ಅವರ ವಾದ.

1950ರಲ್ಲಿ ಮೈಂಡ್ ಎಂಬ ಪತ್ರಿಕೆಯಲ್ಲಿ ಬಂದ ಪ್ರಬಂಧದಲ್ಲಿ ಟ್ಯೂರಿಂಗ್ ಈ ವಾದವನ್ನೂ ಎತ್ತಿಕೊಂಡರು. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯೇ ಮಸುಕು ಮಸುಕು, ಅದರ ಬದಲು ಒಂದು ಆಟ ಆಡೋಣ ಎಂದರು. ಕಾಣದ ಕೋಣೆಯಲ್ಲಿ ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಯಂತ್ರ. ಟೈಪು ಮಾಡಿ ಪ್ರಶ್ನೆ ಕೇಳುವವರಿಗೆ ಯಾರು ಯಾರೆಂದು ಗುರುತಿಸಲಾಗದಿದ್ದರೆ ಯಂತ್ರ ಗೆದ್ದಂತೆ. ಸುಮಾರು 50 ವರ್ಷಗಳಲ್ಲಿ, 5 ನಿಮಿಷ ಪ್ರಶ್ನೆ ಕೇಳಿದ ಮೇಲೆ ಸರಿಯಾಗಿ ಗುರುತಿಸುವ ಸಾಧ್ಯತೆ 70 ಶೇಕಡಕ್ಕಿಂತ ಹೆಚ್ಚಿರದಷ್ಟು ಚೆನ್ನಾಗಿ ಕಂಪ್ಯೂಟರ್‌ಗಳು ಆಡುತ್ತವೆ ಎಂದು ಅಂದಾಜಿಸಿದರು.

ಪ್ರಜ್ಞೆಯ ಬಗ್ಗೆ ಏನು ಹೇಳಿದರು? ಇನ್ನೊಬ್ಬರ ಒಳಗೆ ಪ್ರಜ್ಞೆ ಇದೆಯೆಂದು ನಾವು ತಿಳಿಯುವುದೂ ಅವರ ನಡೆನುಡಿ ನೋಡಿಯೇ. ಯಂತ್ರಕ್ಕೆ ಮಾತ್ರ ಬೇರೆ ಅಳತೆಗೋಲು ಯಾಕೆ ಎಂದು ಕೇಳಿದರು. ಜೊತೆಗೆ ಪ್ರಜ್ಞೆಯಲ್ಲಿ ಒಂದು ನಿಗೂಢ ಇದೆ ಎಂದೂ ಒಪ್ಪಿಕೊಂಡರು. ಆ ನಿಗೂಢ ಬಿಡಿಸದೆಯೇ ತಮ್ಮ ಪ್ರಶ್ನೆಗೆ ಉತ್ತರ ಹುಡುಕಬಹುದು ಎಂಬುದಷ್ಟೇ ಅವರ ನಿಲುವು. ಅಂದರೆ ಈ ಆಟ ಬುದ್ಧಿವಂತ ನಡವಳಿಕೆಯ ಪರೀಕ್ಷೆ. ಒಳಗೆ ನೋವು ನಲಿವು ಇದೆಯೇ ಎಂದು ಅಳೆಯುವ ಮೀಟರ್ ಅಲ್ಲ. ಮೂರನೆಯ ಫಾರ್ವರ್ಡ್ ಬಿದ್ದುಹೋಗುವುದು ಇಲ್ಲಿ.

ಮೊದಲನೆಯ ಫಾರ್ವರ್ಡ್‌ಗೂ ಈ ಪ್ರಬಂಧ ಆಸರೆ ಕೊಡುವುದಿಲ್ಲ. ಯಂತ್ರ ಕಟ್ಟುವುದು ದೇವರ ಕೆಲಸಕ್ಕೆ ಕೈ ಹಾಕಿದಂತಲ್ಲ, ಮಕ್ಕಳನ್ನು ಹೆರುವುದು ಹೇಗೆ ಹಾಗಲ್ಲವೋ ಹಾಗೆಯೇ ಎಂದು ವಾದಿಸಿದರೇ ಹೊರತು ಆತ್ಮ ಇಲ್ಲವೆಂದು ಸಾಧಿಸಲಿಲ್ಲ. ಇನ್ನೊಂದು ಅಚ್ಚರಿ ಕೇಳಿ: ಇದೇ ಪ್ರಬಂಧದಲ್ಲಿ ಟೆಲಿಪಥಿಗೆ ಬಲವಾದ ಪುರಾವೆ ಇದೆಯೆಂದು ಅವರು ನಂಬಿ ಬರೆದಿದ್ದಾರೆ. ಅಂದು ನಂಬಿದ ಆ ಪ್ರಯೋಗಗಳು ಆಮೇಲೆ ನಿಲ್ಲಲಿಲ್ಲ. ದೊಡ್ಡ ವಿಜ್ಞಾನಿ ಹೇಳಿದ್ದೆಲ್ಲ ವಿಜ್ಞಾನ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಹಾಗಾದರೆ ಲೆಕ್ಕಾಚಾರ ಮತ್ತು ಭೌತವಾದ ಹೊಂದುತ್ತವೆಯೇ?

ಭೌತವಾದ ಎಂದರೆ, ಇರುವುದೆಲ್ಲ ಕೊನೆಗೆ ಭೌತಿಕವೇ, ಅದರಾಚೆಗೆ ಬೇರೆ ಯಾವ ಪದಾರ್ಥವೂ ಇಲ್ಲ ಎಂಬ ನಿಲುವು. ಈಗ ಗಂಟು ನೋಡಿ. ಮನಸ್ಸು ನಿಯಮಗಳ ಆಟ, ಅದು ಯಾವ ವಸ್ತುವಿನಲ್ಲಿ ನಡೆದರೂ ಸರಿ ಎಂದರೆ, ಮನಸ್ಸು ಯಾವ ವಸ್ತುವೂ ಅಲ್ಲ ಎಂದಂತಾಯಿತು. ಹಾಗಿದ್ದರೆ ಎಲ್ಲವೂ ಭೌತಿಕ ಎಂದು ಹೇಳುವುದು ಹೇಗೆ?

ಉತ್ತರ ಮತ್ತೆ ಅಳಗುಳಿ ಮಣೆಯಲ್ಲೇ ಇದೆ. ಯಾವ ಬೀಜವಾದರೂ ನಡೆಯುತ್ತದೆ, ನಿಜ. ಆದರೆ ಯಾವ ಬೀಜವೂ ಇಲ್ಲದೆ ಆಟ ನಡೆಯುವುದಿಲ್ಲ. ಪ್ರತಿಯೊಂದು ಆಟವೂ ಯಾವುದೋ ಗುಳಿ, ಯಾವುದೋ ಬೀಜ, ಯಾರದೋ ಕೈಯಲ್ಲೇ ನಡೆಯಬೇಕು. ಅದಕ್ಕೆ ಹೆಚ್ಚುವರಿಯಾಗಿ ಆಟ ಎಂಬ ಪದಾರ್ಥವನ್ನು ಯಾರೂ ಅಂಗಡಿಯಿಂದ ತರಬೇಕಿಲ್ಲ. ಹಾಗೆಯೇ ಪ್ರತಿ ಲೆಕ್ಕಾಚಾರವೂ ಯಾವುದೋ ಭೌತಿಕ ವಸ್ತುವಿನಲ್ಲೇ ನಡೆಯುತ್ತದೆ ಎಂದರೆ ಭೌತವಾದಕ್ಕೆ ಧಕ್ಕೆಯಿಲ್ಲ. 1967ರಲ್ಲಿ ಹಿಲರಿ ಪಟ್ನಮ್ ಎಂಬ ತತ್ತ್ವಜ್ಞಾನಿ ಈ ದಾರಿಯನ್ನು ಸ್ಪಷ್ಟವಾಗಿ ಮುಂದಿಟ್ಟರು. ಇದು ಕೆಡವುವುದು ಭೌತವಾದದ ಒಂದು ಬಿಗಿ ರೂಪವನ್ನು ಮಾತ್ರ: ನೋವು ಎಂದರೆ ಮಿದುಳಿನ ಇಂಥದ್ದೇ ನರಕ್ರಿಯೆ, ಬೇರೆಲ್ಲೂ ಇರಲಾರದು ಎನ್ನುವ ರೂಪ.

ಇಲ್ಲಿ ಒಂದು ತೊಡಕಿದೆ. ಯಾವುದು ಲೆಕ್ಕ ಮಾಡುತ್ತಿದೆ, ಯಾವುದು ಸುಮ್ಮನೆ ಬಿದ್ದಿದೆ ಎಂದು ಹೇಳುವವರು ಯಾರು? ನಾವು ಬೇಕಾದಂತೆ ಹೆಸರಿಟ್ಟರೆ ಬಂಡೆಗಲ್ಲೂ ಲೆಕ್ಕ ಮಾಡುತ್ತಿದೆ ಎನ್ನಬಹುದು. ಲೆಕ್ಕ ಇರುವುದು ನೋಡುವವರ ಕಣ್ಣಿನಲ್ಲಿ ಎಂದಾದರೆ ಅದು ಪ್ರಜ್ಞೆಗೆ ಕಾರಣವಾಗಲಾರದು. ಇದೇ ಬಗೆಯ ಕಾರಣಗಳಿಂದ ಪಟ್ನಮ್ ಅವರೇ 1988ರ ಪುಸ್ತಕದಲ್ಲಿ ತಮ್ಮ ಹಳೆಯ ನಿಲುವನ್ನು ಬಿಟ್ಟುಕೊಟ್ಟರು. ಇದಕ್ಕೆ ಕೊಡುವ ಉತ್ತರವೂ ಉಂಟು: ಹೆಸರಿಟ್ಟರೆ ಸಾಲದು, ಒಳಗಿನ ಕಾರಣ-ಪರಿಣಾಮದ ಸರಪಳಿ ನಿಯಮದಂತೆ ಇರಬೇಕು. ಕ್ಯಾಲ್ಕ್ಯುಲೇಟರಿನಲ್ಲಿ 2ರ ಬದಲು 3 ಒತ್ತಿದರೆ ಉತ್ತರವೂ ತಕ್ಕಂತೆ ಬದಲಾಗುತ್ತದೆ. ಬಂಡೆಗಲ್ಲಿನಲ್ಲಿ ಹಾಗೇನೂ ಆಗದು. ಈ ಸರಪಳಿ ಭೌತಿಕವಾದದ್ದು. ಆದ್ದರಿಂದ ಲೆಕ್ಕಾಚಾರ ಎಂಬುದು ಭೌತಿಕ ಜಗತ್ತಿನೊಳಗಿನ ಸಂಗತಿಯೇ ಆಗಬಹುದು.

ಒಟ್ಟಿನಲ್ಲಿ ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ನಾಲ್ಕು ಮೂಲೆಗಳಲ್ಲೂ ಗಂಭೀರ ಚಿಂತಕರಿದ್ದಾರೆ:

ಪ್ರಜ್ಞೆ ಲೆಕ್ಕಾಚಾರ, ಎಲ್ಲವೂ ಭೌತಿಕ: ಡೇನಿಯಲ್ ಡೆನೆಟ್.

ಸರಿಯಾದ ಲೆಕ್ಕಾಚಾರ ನಡೆದರೆ ಪ್ರಜ್ಞೆ ಬರುತ್ತದೆ, ಆದರೆ ಭೌತಿಕ ಸಂಗತಿಗಳಿಂದಲೇ ಅದನ್ನು ಪೂರ್ತಿ ವಿವರಿಸಲಾಗದು: ಡೇವಿಡ್ ಚಾಮರ್ಸ್.

ಪ್ರಜ್ಞೆ ಮಿದುಳಿನ ಭೌತಿಕ ಕ್ರಿಯೆಯೇ, ಆದರೆ ಯಾವ ಲೆಕ್ಕಾಚಾರಕ್ಕೂ ನಿಲುಕದ್ದು: 1989ರ ಪುಸ್ತಕದಲ್ಲಿ ರೋಜರ್ ಪೆನ್ರೋಸ್. ಯಂತ್ರಕ್ಕೆ ಬಿಡಿಸಲಾಗದ ಲೆಕ್ಕಗಳಿವೆ ಎಂಬ ಟ್ಯೂರಿಂಗ್ ಫಲಿತಾಂಶವನ್ನೂ ಅವರು ಬಳಸಿಕೊಂಡಿದ್ದಾರೆ.

ಲೆಕ್ಕಾಚಾರವೂ ಅಲ್ಲ, ಭೌತಿಕವೂ ಅಲ್ಲ: 17ನೇ ಶತಮಾನದ ದೆಕಾರ್ತ್.

ಒಂದನ್ನು ಒಪ್ಪಿದರೆ ಇನ್ನೊಂದು ತಾನಾಗಿ ಸಾಬೀತಾಗುವುದಿಲ್ಲ. ಎರಡೂ ಜೊತೆಯಾಗಿ ನಿಲ್ಲಬಲ್ಲವು ಎನ್ನಬಹುದು, ಅಷ್ಟೇ. ಎರಡೂ ನಿಜವೆಂದು ಇನ್ನೂ ಯಾರೂ ತೋರಿಸಿಲ್ಲ.

ಟ್ಯೂರಿಂಗ್ ಎಲ್ಲಿ ನಿಂತಿದ್ದರು? ಬ್ಯಾಬೇಜ್ 19ನೇ ಶತಮಾನದಲ್ಲಿ ರೂಪಿಸಿದ ಯಂತ್ರ ಬರೀ ಚಕ್ರಗಳದ್ದು, ಹಾಗಾಗಿ ಕಂಪ್ಯೂಟರಿಗೂ ನರಗಳಿಗೂ ವಿದ್ಯುತ್ ಸಮಾನ ಎಂಬ ಹೋಲಿಕೆಗೆ ಹೆಚ್ಚು ಬೆಲೆಯಿಲ್ಲ ಎಂದು 1950ರಲ್ಲೇ ಬರೆದರು. ಆದರೆ 1951ರ ರೇಡಿಯೋ ಭಾಷಣದಲ್ಲಿ ಒಂದು ಷರತ್ತನ್ನೂ ಹಾಕಿದರು: ಕಂಪ್ಯೂಟರ್ ಮಿದುಳನ್ನು ಅನುಕರಿಸಬೇಕಾದರೆ ಮಿದುಳಿನ ನಡವಳಿಕೆ ತಾತ್ತ್ವಿಕವಾಗಿ ಲೆಕ್ಕಕ್ಕೆ ಸಿಗುವಂಥದ್ದಾಗಿರಬೇಕು, ಪರಮಾಣು ಮಟ್ಟದ ಅನಿಶ್ಚಿತತೆಯಿಂದಾಗಿ ಅದು ಸಿಗದು ಎಂದು ಭೌತವಿಜ್ಞಾನಿ ಎಡಿಂಗ್ಟನ್ ವಾದಿಸಿದ್ದಾರೆ. ಗೆಳೆಯನ ತಾಯಿಗೆ ಬರೆದ ಟಿಪ್ಪಣಿಯಲ್ಲಿ ಆತ್ಮಕ್ಕೆ ಬಾಗಿಲು ತೆರೆದದ್ದು ಇದೇ ಅನಿಶ್ಚಿತತೆ. ಸುಮಾರು ಇಪ್ಪತ್ತು ವರ್ಷಗಳ ನಂತರ ಅದು ಉತ್ತರವಾಗಿ ಉಳಿಯದೆ, ಪರಿಶೀಲಿಸಬೇಕಾದ ಪ್ರಶ್ನೆಯಾಗಿತ್ತು.

ಕೊನೆಯ ವರ್ಷಗಳು

1952ರಲ್ಲಿ ಟ್ಯೂರಿಂಗ್ ಇನ್ನೊಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಎರಡು ರಾಸಾಯನಿಕಗಳು ಒಂದರೊಡನೊಂದು ವರ್ತಿಸುತ್ತಾ ಹರಡಿದರೆ ಸಾಕು, ಪ್ರಾಣಿಗಳ ಮೈಮೇಲಿನ ಮಚ್ಚೆಗಳಂಥ ವಿನ್ಯಾಸ ತಾನಾಗಿ ಮೂಡಬಹುದು ಎಂದು ಗಣಿತದಿಂದ ತೋರಿಸಿದರು. ಚಿತ್ರ ಬರೆಯುವ ಕೈ ಬೇಕಿಲ್ಲ, ವಸ್ತುವಿನ ನಿಯಮವೇ ಸಾಕು.

ಅದೇ ವರ್ಷ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ಕೊಡಲು ಹೋದವರ ಖಾಸಗಿ ಬದುಕೇ ತನಿಖೆಯಾಯಿತು. ಗಂಡಸರ ನಡುವಿನ ಸಂಬಂಧ ಆಗ ಬ್ರಿಟನ್ನಿನಲ್ಲಿ ಅಪರಾಧ. ಜೈಲು ಅಥವಾ ಹಾರ್ಮೋನ್ ಚಿಕಿತ್ಸೆ ಎಂಬ ಆಯ್ಕೆ ಕೊಟ್ಟಾಗ ಅವರು ಚಿಕಿತ್ಸೆ ಒಪ್ಪಿದರು. ಒಂದು ವರ್ಷ ಈಸ್ಟ್ರೋಜನ್ ಕೊಟ್ಟರು. ಸರ್ಕಾರದ ಗುಪ್ತ ಕೆಲಸಗಳಿಂದ ದೂರವಿಟ್ಟರು. ಇದನ್ನು ಚಿಕಿತ್ಸೆ ಎಂದು ಕರೆದರೂ ಇದು ಶಿಕ್ಷೆ. ಯಾಕೆಂದರೆ ಅಲ್ಲಿ ರೋಗವೇ ಇರಲಿಲ್ಲ.

1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ ಟ್ಯೂರಿಂಗ್ ಸಯನೈಡ್ ವಿಷದಿಂದ ತೀರಿಕೊಂಡರು. ವಿಚಾರಣೆಯಲ್ಲಿ ಆತ್ಮಹತ್ಯೆ ಎಂದು ತೀರ್ಮಾನವಾಯಿತು. ಮನೆಯಲ್ಲಿ ರಾಸಾಯನಿಕ ಪ್ರಯೋಗ ಮಾಡುವಾಗ ಆದ ಅವಘಡ ಎಂದೇ ತಾಯಿ ನಂಬಿದ್ದರು. ಹಾಸಿಗೆಯ ಪಕ್ಕ ಅರ್ಧ ತಿಂದ ಸೇಬು ಇತ್ತು, ಆದರೆ ಅದರಲ್ಲಿ ವಿಷ ಇದೆಯೇ ಎಂದು ಪರೀಕ್ಷೆ ಮಾಡಲೇ ಇಲ್ಲ. ಆ್ಯಪಲ್ ಕಂಪನಿಯ ಲೋಗೋ ಇದೇ ಸೇಬಿನ ನೆನಪಿಗೆ ಎಂಬ ಫಾರ್ವರ್ಡ್ ಸುಳ್ಳು. 1977ರಲ್ಲಿ ಆ ಲೋಗೋ ಬರೆದ ರಾಬ್ ಜಾನೋಫ್, ನೋಡಿದವರು ಚೆರ್ರಿ ಹಣ್ಣು ಎಂದುಕೊಳ್ಳದಿರಲಿ ಎಂದು ಕಚ್ಚಿದ ಗುರುತು ಹಾಕಿದ್ದಾಗಿ ತಿಳಿಸಿದ್ದಾರೆ.

2009ರಲ್ಲಿ ಬ್ರಿಟನ್ ಪ್ರಧಾನಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯ ಕ್ಷಮಾದಾನ ಬಂತು. 2021ರ ಜೂನ್ 23ರಂದು, ಅವರ ಹುಟ್ಟುಹಬ್ಬದ ದಿನ, ಅವರ ಚಿತ್ರವಿರುವ 50 ಪೌಂಡ್ ನೋಟು ಚಲಾವಣೆಗೆ ಬಂತು.

ಇದರಿಂದ ನಮಗೇನು?

ತೀರಿಕೊಂಡವರ ಹಳೆಯ ಮೆಸೇಜು, ಧ್ವನಿ ಹಾಕಿ ಅವರಂತೆಯೇ ಮಾತಾಡುವ ಬಾಟ್ ಮಾಡಿಕೊಡುವ ಸೇವೆಗಳು ಈಗ ಹಣಕ್ಕೆ ಸಿಗುತ್ತಿವೆ. ದುಃಖದಲ್ಲಿರುವ ಮನೆಯವರಿಗೆ ಅಪ್ಪನ ಮನಸ್ಸೇ ಮೊಬೈಲಿನಲ್ಲಿ ಉಳಿದಿದೆ ಅನ್ನಿಸಬಹುದು. ಮನಸ್ಸು ಲೆಕ್ಕಾಚಾರ ಎಂದು ಪೂರ್ತಿ ಒಪ್ಪಿಕೊಂಡರೂ ಇದು ನಿಜವಾಗುವುದಿಲ್ಲ. ಆ ಬಾಟ್‌ನಲ್ಲಿ ಇರುವುದು ಅಪ್ಪ ಆಡಿದ ಕೆಲವು ಮಾತುಗಳ ಮಾದರಿ. ಅವರ ಮಿದುಳಿನಲ್ಲಿ ನಡೆಯುತ್ತಿದ್ದ ಕಾರಣ-ಪರಿಣಾಮದ ಸರಪಳಿ ಅಲ್ಲ. ಬೇರೊಬ್ಬರ ಆಟದ ಅಂಕಗಳನ್ನು ಬರೆದಿಟ್ಟ ಮಾತ್ರಕ್ಕೆ ಆಟ ಮುಂದುವರಿದಂತಾಗದು.

ಟ್ಯೂರಿಂಗ್ ಕೂಡ ಒಬ್ಬ ಗೆಳೆಯನ ಮನಸ್ಸು ಎಲ್ಲಾದರೂ ಉಳಿದಿರಲಿ ಎಂದು ಹಂಬಲಿಸಿದವರೇ. ಆದರೆ ಆ ಹಂಬಲವನ್ನು ಸಾಕ್ಷ್ಯ ಎಂದು ಮುಂದೆ ಎಲ್ಲೂ ಪ್ರಕಟಿಸಲಿಲ್ಲ. ಈ ಮೂರು ಫಾರ್ವರ್ಡ್‌ಗಳಲ್ಲಿ ಯಾವುದು ಬಂದರೂ ಕಳಿಸಿದವರಿಗೆ ನೀವು ಇಷ್ಟು ಹೇಳಬಹುದು: ಮನಸ್ಸು ಲೆಕ್ಕಾಚಾರವಾಗಿದ್ದು ಜಗತ್ತು ಪೂರ್ತಿ ಭೌತಿಕವಾಗಿಯೂ ಇರಬಹುದು, ಅದರಲ್ಲಿ ವಿರೋಧವಿಲ್ಲ. ಟ್ಯೂರಿಂಗ್ ಮಾತ್ರ ಅದನ್ನು ಸಾಬೀತು ಮಾಡಲಿಲ್ಲ, ಆತ್ಮ ಇದೆಯೆಂದೂ ಇಲ್ಲವೆಂದೂ ಸಾಬೀತು ಮಾಡಲಿಲ್ಲ. ಈ ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ಅವರು ಕಲಿಸಿಹೋದರು.